ಕೂಸಿಗೆ ಬೇಕಾದ ಶಾಖ

ನಮ್ಮ ಖೋಲಿಯಲ್ಲಿ ಸಂಜೆಯಾದದ್ದು ಬಲ್ಬಿನಿಂದ ಗೊತ್ತಾಗುತ್ತಿತ್ತು. ಹೊರಗೆ ಇನ್ನೂ ಬಿಸಿಲಿರುವಾಗಲೇ ಅದು ಬಿಳುಪು ಕಳೆದುಕೊಂಡು ಹಳದಿಯಾಗಿ, ಅಡುಗೆಯ ಹೊತ್ತಿಗೆ ಕಿತ್ತಳೆ ಬಣ್ಣಕ್ಕೆ ಇಳಿಯುತ್ತಿತ್ತು. ಡೊಂಬಿವಲಿ ಪೂರ್ವದಲ್ಲಿ, ರಾಸಾಯನಿಕ ಕಾರ್ಖಾನೆಗಳ ಗೋಡೆ ಮುಗಿದು ಚಾಳುಗಳು ಶುರುವಾಗುವ ಕಡೆ ಒಂದು ಸಾಲಿನಲ್ಲಿ ನಾಲ್ಕು ಖೋಲಿ. ಮೊದಲನೆಯದರಲ್ಲಿ ಸೋಲಾಪುರ ಕಡೆಯ ಸುನಂದಾ ಕಾಕು, ಗಂಡ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ. ಅವರದು ಇಸ್ತ್ರಿಯ ಧಂದೆ. ಎರಡನೆಯದು ಮಾಲೀಕನ ಸಾಮಾನಿನ ಕೋಣೆ, ಯಾವಾಗಲೂ ಬೀಗ. ಮೂರನೆಯದು ನಮ್ಮದು. ಕೊನೆಯದರಲ್ಲಿ ಬಿಹಾರದ ನಾಲ್ಕು ಹುಡುಗರು, ಕರೆಂಟಿನ ಕಾಯಿಲ್ ಒಲೆಯ ಮೇಲೆ ಅನ್ನ ಬೇಯಿಸಿಕೊಂಡು ಇರುತ್ತಿದ್ದರು. ಮಾಲೀಕನ ಮೀಟರು ಜಿನೆಯ, ಅಂದರೆ ಮೆಟ್ಟಿಲುಗಳ, ಕೆಳಗಿತ್ತು. ಅಲ್ಲಿಂದ ಹೊರಟ ಒಂದೇ ಲೈನು ಕಾಕುವಿನ ಖೋಲಿಯ ಅಟ್ಟದ ಮೇಲಿಂದ ಹಾಯ್ದು ಉಳಿದವರಿಗೆಲ್ಲ ಕರೆಂಟು ಕೊಡುತ್ತಿತ್ತು. ಬಲ್ಬು ಮಂಕಾದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಪ್ಪ ಬಣ್ಣದ ಕಾರ್ಖಾನೆಯಲ್ಲಿ ಪೀಪಾಯಿ ಹೊರುತ್ತಿದ್ದ. ಅವನ ಉಗುರು ಒಂದು ವಾರ ನೀಲಿ, ಒಂದು ವಾರ ಕೆಂಪು. ಅವನು ಬಂದು ಕೈಕಾಲು ತೊಳೆದು ಕೂತರೆ ಆ ಮಂಕು ಬೆಳಕಿನಲ್ಲೇ ನಮ್ಮ ಊಟ. ರೊಟ್ಟಿ ಯಾವುದು, ತಟ್ಟೆ ಯಾವುದು ತಿಳಿಯುವಷ್ಟು ಬೆಳಕಿದ್ದರೆ ಸಾಕಿತ್ತು. ನನ್ನ ತಮ್ಮ ಹುಟ್ಟುವ ತನಕ ಸಾಕಿತ್ತು.

ಅವನು ಏಳು ತಿಂಗಳಿಗೇ ಹುಟ್ಟಿದ. ಅವ್ವನಿಗೆ ನಳದ ಹತ್ತಿರ ಕೊಡ ಎತ್ತುವಾಗ ನೋವು ಶುರುವಾಯಿತು. ಡಿಸೆಂಬರಿನ ಚಳಿ ಆಗ ತಾನೇ ಹಿಡಿದಿತ್ತು. ಆಸ್ಪತ್ರೆಯಲ್ಲಿ ಅವನನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ಚಮಚದಿಂದ ಬಿಟ್ಟ ಹಾಲು ನುಂಗಲು ಕಲಿತ ಮೇಲೆ ಮನೆಗೆ ಕಳಿಸಿದರು. ಆ ಪೆಟ್ಟಿಗೆಗೆ ಅವನಿಗಿಂತ ಚಿಕ್ಕ ಕೂಸುಗಳು ಕಾಯುತ್ತಿದ್ದವು, ಅದನ್ನು ನಾನೇ ಕಣ್ಣಾರೆ ನೋಡಿದ್ದೆ. ಅವ್ವನಿಗೆ ಮರಾಠಿ ಬರುತ್ತಿರಲಿಲ್ಲ. ನರ್ಸಮ್ಮ ಹೇಳಿದ್ದನ್ನೆಲ್ಲ ಕೇಳಿ ಅವ್ವನಿಗೆ ಹೇಳಬೇಕಾದವಳು ಒಂಬತ್ತನೇ ಕ್ಲಾಸಿನ ನಾನು. ಕೂಸನ್ನು ಬೆಚ್ಚಗಿಡಬೇಕು. ಪಾದ ಮುಟ್ಟಿ ನೋಡಿ, ಹೊಟ್ಟೆ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಪಾದ ತಣ್ಣಗಾದರೆ ಚಳಿ ಹಿಡಿಯುತ್ತಿದೆ ಎಂದು ಅರ್ಥ. ತಾಯಿಯ ಎದೆಗೆ ಹಚ್ಚಿ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು ಎಂದೂ ಅವರು ಹೇಳಿದರು. ಆದರೆ ಅವ್ವನಿಗೆ ಹೆರಿಗೆಯ ಜ್ವರ ಬಿಟ್ಟಿರಲಿಲ್ಲ. ನಡುಕ ಹತ್ತಿದರೆ ಅವಳ ಹಲ್ಲುಗಳು ಒಂದಕ್ಕೊಂದು ಬಡಿಯುತ್ತಿದ್ದವು, ಕೂಸು ಕೈಯಿಂದ ಜಾರುತ್ತದೇನೋ ಎಂದು ಅವಳಿಗೇ ಹೆದರಿಕೆ. ಅಪ್ಪ ಕಾರ್ಖಾನೆಯಿಂದ ಪಂಪು ಬಂದಿದ್ದ ಒಂದು ಪ್ಲೈವುಡ್ ಪೆಟ್ಟಿಗೆ ತಂದ. ಬದಿಗೆ ಗಾಳಿಯಾಡಲು ತೂತು ಕೊರೆದು, ಮೇಲುಗಡೆ ಅರವತ್ತು ವ್ಯಾಟಿನ ಎರಡು ಬಲ್ಬು ಕಟ್ಟಿದ, ಕೂಸಿನ ಮೈಗೆ ತಾಗದಂತೆ ನಡುವೆ ತಂತಿಯ ಜಾಲರಿ ಹಾಕಿದ. ಕೆಳಗೆ ಅವ್ವನ ಹಳೆಯ ಇಳಕಲ್ ಸೀರೆ ಮಡಚಿ ಹಾಸಿದೆವು.

ಅಜ್ಜಿಗೆ ಆ ಪೆಟ್ಟಿಗೆ ಸೇರಲಿಲ್ಲ. ನಮ್ಮ ವಿಜಯಪುರದ ರೂಢಿಯಂತೆ ನಾನು ಅವಳನ್ನು ಆಯಿ ಎನ್ನುತ್ತಿದ್ದೆ. ಮರಾಠಿಯಲ್ಲಿ ಆಯಿ ಎಂದರೆ ತಾಯಿ, ಹಾಗಾಗಿ ಕಾಕುವಿನ ಮಕ್ಕಳು ನನಗೆ ಇಬ್ಬರು ತಾಯಂದಿರಿದ್ದಾರೆ ಎಂದೇ ತಿಳಿದಿದ್ದರು. ಆಯಿಗೆ ಮತ್ತೊಂದು ದಿಗಿಲಿತ್ತು. ಹುಟ್ಟಿದ ಐದನೇ ದಿನ ಶೆಟವಿ ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂದು ಅವಳ ನಂಬಿಕೆ. ಅವತ್ತು ಕೂಸು ಆಸ್ಪತ್ರೆಯಲ್ಲಿತ್ತು. ಆಯಿ ಬರೀ ಖೋಲಿಯಲ್ಲಿ ದೀಪ ಹಚ್ಚಿ, ಒಳಕಲ್ಲಿನ ಗುಂಡಿಗೆ ಅರಿಸಿನ ಕುಂಕುಮ ಏರಿಸಿ ಪೂಜೆ ಮಾಡಿದ್ದಳು.

"ಆಕಿ ಬಂದು ನೋಡಿರಬೇಕು, ಕೂಸ ಇಲ್ಲ. ಹಂಗ ಹೊಳ್ಳಿ ಹೋಗ್ಯಾಳ," ಎನ್ನುತ್ತಿದ್ದಳು. "ಇವನ ಹಣೀ ಖಾಲಿ ಐತಿ."

ಅವಳಿಗೂ ಅವ್ವನಿಗೂ ದಿನವೂ ಜಗಳ ಆಗುತ್ತಿದ್ದದ್ದು ಅಗ್ಗಿಷ್ಟಿಕೆಯ ಸಲುವಾಗಿ. ಕೆಂಡ ತುಂಬಿ ಮಂಚದ ಕೆಳಗಿಟ್ಟರೆ ಕೂಸು ತಾನೇ ಬೆಚ್ಚಗಿರುತ್ತದೆ ಎಂದು ಆಯಿ.

"ನಾನೂ ಆರು ಮಕ್ಕಳ್ನ ಹಡದೀನಿ. ಯಾವ ಬಲ್ಬ ಹಚ್ಚಿದ್ದೆ?"

"ಹೊಗಿ ಬ್ಯಾಡ್ರಿ ಅತ್ತಿ. ಮೊದಲ ಅವನ ಉಸುರು ಎಳಿಯಷ್ಟು ಐತಿ."

"ಆರ್ರಾಗ ಇಬ್ಬರು ಉಳದ್ರು ನೋಡು," ಎಂದು ಅಪ್ಪ ಒಮ್ಮೆ ಮೆಲ್ಲಗೆ ಅಂದ. ಆಯಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋಗಿ ಕೂತಳು. ಆಮೇಲೆ ಅಗ್ಗಿಷ್ಟಿಕೆಯ ಮಾತು ನಿಂತಿತು. ಸೀಮೆಎಣ್ಣೆಯ ಸ್ಟೋವನ್ನೂ ಹೊರಗಿನ ಪಡಸಾಲೆಗೆ ಒಯ್ದರು. ಅಡುಗೆ ಎಂದರೆ ಒಂದು ಹೊತ್ತು ಮಾಡಿ ಎರಡು ಹೊತ್ತು ಉಣ್ಣುವ ಝುಣಕ, ತಣ್ಣನೆಯ ರೊಟ್ಟಿ. ಉಣ್ಣುವಾಗಲೂ ಎಲ್ಲರ ಕಣ್ಣು ಪೆಟ್ಟಿಗೆಯ ಮೇಲೆ. ಯಾರಾದರೊಬ್ಬರು ಎಡಗೈಯನ್ನು ಒಳಗೆ ಬಿಟ್ಟು ಪಾದ ಹಿಡಿದಿರಬೇಕಿತ್ತು. ನನ್ನ ಹೆಬ್ಬೆರಳಿನಷ್ಟಿದ್ದವು ಆ ಪಾದಗಳು.

ಹಗಲು ಅವು ಬೆಚ್ಚಗಿರುತ್ತಿದ್ದವು. ಸಂಜೆ ಬಲ್ಬು ಕಿತ್ತಳೆಯಾದಾಗ ತಣ್ಣಗಾಗುತ್ತಿದ್ದವು. ಮೊದಲ ಸಂಜೆಗಳಲ್ಲಿ ನಮಗೆ ಕಾರಣ ಹೊಳೆಯಲಿಲ್ಲ, ಬಲ್ಬು ಉರಿಯುತ್ತಲೇ ಇತ್ತಲ್ಲ. ಅವ್ವ ಪಾದಗಳನ್ನು ಬಾಯಿಯ ಹತ್ತಿರ ಹಿಡಿದು ಉಸಿರು ಬಿಡುತ್ತಿದ್ದಳು. ಕೂಸಿನ ತುಟಿಯ ಸುತ್ತ ನೀಲಿ ಹತ್ತಿದ್ದನ್ನು ನೋಡಿದ ಅಪ್ಪ ಅಂಗಡಿಗೆ ಓಡಿ ಇನ್ನೆರಡು ಬಲ್ಬು ತಂದು ಕಟ್ಟಿದ. ಆ ಸಂಜೆ ಪಾದ ಬೆಚ್ಚಗಾಯಿತು, ನಾವು ಗೆದ್ದೆವು ಎಂದುಕೊಂಡೆವು. ಮರುದಿನ ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅವ್ವ ಜ್ವರದ ಮಂಪರಿನಲ್ಲಿ ಮಲಗಿದ್ದಳು, ಆಯಿ ನಳದ ಸಾಲಿನಲ್ಲಿದ್ದಳು. ಹುಡುಗರು ಡ್ಯೂಟಿಗೆ ಹೋಗಿದ್ದರು, ಕಾಕು ಬಟ್ಟೆ ಹಂಚಲು ಹೋಗಿದ್ದರು. ಪೆಟ್ಟಿಗೆಯೊಳಗೆ ನಾಲ್ಕೂ ಬಲ್ಬು ಕಣ್ಣು ಕುಕ್ಕುವಂತೆ ಬೆಳಗುತ್ತಿದ್ದವು. ಕೂಸಿನ ಮೈ ದಾಳಿಂಬೆಯಷ್ಟು ಕೆಂಪಾಗಿತ್ತು, ಎದೆಯ ಗೂಡು ಪಟಪಟ ಏರಿ ಇಳಿಯುತ್ತಿತ್ತು. ನಾನು ಸ್ವಿಚ್ ಆರಿಸಿ ಅವನನ್ನು ಎತ್ತಿ ಬಾಗಿಲಿಗೆ ತಂದೆ. ಎಷ್ಟೋ ಹೊತ್ತಿನ ಮೇಲೆ ಉಸಿರು ತಹಬಂದಿಗೆ ಬಂತು. ಅವ್ವ ಎದ್ದು ನೋಡಿದಳು, ಬೈಯಲಿಲ್ಲ, ಅಳಲಿಲ್ಲ.

"ಎರಡಿಟ್ರ ಥಂಡಿ, ನಾಕಿಟ್ರ ಬೆಂಕಿ," ಎಂದಳು. "ಎಷ್ಟ ಇಡಬೇಕಂತ ಯಾರಿಗೆ ಕೇಳ್ಲೆವ್ವಾ ನಾನು."

ನಾನು ಓದುತ್ತಿದ್ದದ್ದು ನಮ್ಮವರು ನಡೆಸುತ್ತಿದ್ದ ಒಂದು ಸಣ್ಣ ಕನ್ನಡ ಶಾಲೆಯಲ್ಲಿ. ವಿಜ್ಞಾನಕ್ಕೆ ಉಡುಪಿ ಕಡೆಯ ವಿಮಲಾ ಟೀಚರ್. ಆ ವಾರ ಅವರು ಬೋರ್ಡಿನ ಮೇಲೆ ವಿಭವಾಂತರ, ಪ್ರವಾಹ, ರೋಧ ಎಂದು ಬರೆದು ಲೆಕ್ಕ ಮಾಡಿಸುತ್ತಿದ್ದರು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ವ್ಯಾಟ್. ಕ್ಲಾಸು ಆಕಳಿಸುತ್ತಿತ್ತು. ನಾನೂ ಅರ್ಧ ನಿದ್ದೆಯಲ್ಲೇ ಇದ್ದೆ. ಆಗ ಟೀಚರ್ ಉದಾಹರಣೆಗೆ ಅರವತ್ತು ವ್ಯಾಟಿನ ಬಲ್ಬನ್ನೇ ತೆಗೆದುಕೊಂಡರು. ನಾನು ಎದ್ದು ನಿಂತೆ.

"ಟೀಚರ್, ವೋಲ್ಟು ಅರ್ಧ ಆದ್ರೆ ಬಲ್ಬು ಅರ್ಧ ಶಾಖ ಕೊಡ್ತದಾ?"

"ನೀನೇ ಮಾಡಿ ನೋಡು. ರೋಧ ಬದಲಾಗುದಿಲ್ಲ ಅಂತ ಇಟ್ಕೊ. ವೋಲ್ಟು ಅರ್ಧ ಆದ್ರೆ ಕರೆಂಟು ಎಷ್ಟಾಗ್ತದೆ?"

"ಅದೂ ಅರ್ಧ."

"ಅರ್ಧಕ್ಕೆ ಅರ್ಧ ಗುಣಿಸು."

ಕಾಲು. ಅರ್ಧವಲ್ಲ, ಕಾಲು. ನಾನು ಅಲ್ಲೇ ಅತ್ತುಬಿಟ್ಟೆ. ಕ್ಲಾಸು ನಕ್ಕಿತು. ಟೀಚರ್ ನಗಲಿಲ್ಲ, ಬೆಲ್ಲಾದ ಮೇಲೆ ನನ್ನನ್ನು ಕೂರಿಸಿಕೊಂಡು ಎಲ್ಲ ಕೇಳಿದರು. ಅಂದು ಸಂಜೆ ಪ್ರಯೋಗಶಾಲೆಯ ಮಲ್ಟಿಮೀಟರನ್ನು ಚೀಲದಲ್ಲಿ ಹಾಕಿಕೊಂಡು ನನ್ನ ಜೊತೆ ನಮ್ಮ ಖೋಲಿಗೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಮೊದಲು ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಕೂಸಿನ ಪಾದ ಮುಟ್ಟಿದರು. ಆಮೇಲೆ ಮೀಟರು ತೆಗೆದು ಸಾಕೆಟ್ಟಿನಲ್ಲಿ ಅಳೆಯುವುದನ್ನು ತೋರಿಸಿದರು.

"ಒಂದು ಕೈ ಬೆನ್ನ ಹಿಂದೆ ಇಟ್ಕೊ. ಯಾವಾಗ್ಲೂ. ಎರಡೂ ಕೈಯಲ್ಲಿ ಕರೆಂಟಿನ ಹತ್ರ ಹೋಗ್ಬೇಡ."

ನೂರ ಅರವತ್ತೈದು. ಮಧ್ಯಾಹ್ನ ಇನ್ನೂರಿಪ್ಪತ್ತರ ಮೇಲಿರಬೇಕಾದದ್ದು ಈಗ ನೂರ ಅರವತ್ತೈದು. ಬಲ್ಬಿನ ರೋಧ ಸುಮಾರು ಎಂಟುನೂರ ಎಂಬತ್ತು ಓಮ್. ಅಷ್ಟು ವೋಲ್ಟಿಗೆ ಹರಿಯುವುದು ಒಂದು ಆಂಪಿಯರಿನ ಐದನೇ ಒಂದು ಭಾಗಕ್ಕೂ ಕಡಿಮೆ. ಅರವತ್ತು ವ್ಯಾಟಿನ ಬಲ್ಬು ಕೊಡುತ್ತಿದ್ದದ್ದು ಮೂವತ್ತೊಂದು ವ್ಯಾಟ್. ತಂತಿ ಕಡಿಮೆ ಕಾಯುವುದರಿಂದ ರೋಧ ಕೊಂಚ ಇಳಿದಿರುತ್ತದೆ, ನಿಜವಾಗಿ ಸ್ವಲ್ಪ ಹೆಚ್ಚೇ ಸಿಗುತ್ತದೆ ಎಂದರು ಟೀಚರ್, ಆದರೆ ನಮ್ಮ ಕೆಲಸಕ್ಕೆ ಈ ಲೆಕ್ಕ ಸಾಕು. ಮನೆಯಲ್ಲಿ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಅವ್ವನಿಗೆ ಹೇಳಿದೆ, ಹಗಲು ಎರಡು ಬಲ್ಬು, ಸಂಜೆ ನಾಲ್ಕು, ನಡುವೆ ಮೀಟರು ಹೇಳಿದಷ್ಟು. ಟೀಚರ್ ಮಲ್ಟಿಮೀಟರನ್ನು ನಮ್ಮಲ್ಲೇ ಬಿಟ್ಟುಹೋದರು. ಅವತ್ತಿನಿಂದ ಬಲ್ಬಿನ ಸ್ವಿಚ್ಚುಗಳು ನನ್ನ ವಶಕ್ಕೆ ಬಂದವು. ಶಾಲೆಗೆ ಹೋಗುವ ಹೊತ್ತಿನಲ್ಲಿ ಆಯಿಗೆ ಮೀಟರಿನ ಅಂಕಿ ಓದುವುದನ್ನು ಕಲಿಸಿದೆ. ಅಕ್ಷರ ಬಾರದವಳು ಎರಡೇ ದಿನಕ್ಕೆ ಕಲಿತಳು.

ಆದರೆ ವೋಲ್ಟು ಇಳಿದಿರುವ ಹೊತ್ತು ಬೆಳೆಯುತ್ತಾ ಹೋಯಿತು, ಸಂಜೆ ನಾಲ್ಕು ಬಲ್ಬಿಗೂ ಪಾದ ತಣ್ಣಗಾಗತೊಡಗಿತು. ಚಳಿ ಹೆಚ್ಚಿದಂತೆ ಹುಡುಗರು ಸ್ನಾನದ ನೀರನ್ನೂ ಕಾಯಿಲ್ ಮೇಲೆ ಕಾಯಿಸತೊಡಗಿದರು. ಕೂಸು ಹಾಲು ಬಿಡತೊಡಗಿತ್ತು. ಚಮಚ ತುಟಿಗೆ ಹಿಡಿದರೆ ಹಾಲು ಕೆನ್ನೆಯ ಮೇಲಿಂದ ಇಳಿಯುತ್ತಿತ್ತು. ಅಪ್ಪನಿಗೆ ಸಿಟ್ಟು ಏರಿದ್ದು ಕಾಕುವಿನ ಮೇಲೆ. ಒಂದು ಸಂಜೆ ಅವರ ಬಾಗಿಲಲ್ಲಿ ನಿಂತ.

"ಕಾಕು, ಎರಡು ತಾಸು ಇಸ್ತ್ರಿ ಬಂದ್ ಮಾಡ್ರಿ. ಕೈ ಮುಗಿತೀನಿ."

"ಅಸ ಕಸ ಭಾವು? ಅದ್ಹೆಂಗ ಆಗ್ತೈತಿ ಅಣ್ಣಾ?" ಎಂದರು ಕಾಕು. ಸೋಲಾಪುರದವರಾದ್ದರಿಂದ ಅವರಿಗೆ ಕನ್ನಡವೂ ಬರುತ್ತಿತ್ತು. "ಸಂಜೀ ಮಂದಿ ಬಟ್ಟಿ ಕೇಳ್ತಾರ. ಬಂದ್ ಮಾಡಿದ್ರ ನನ್ನ ಪೋರಿಗೋಳು ಏನು ತಿನ್ನಬೇಕು?"

ಆಯಿ ನಮ್ಮ ಬಾಗಿಲಿನಿಂದಲೇ ಆಡಬಾರದ ಮಾತು ಆಡಿದಳು. ಕಾಕು ಬಾಗಿಲು ಹಾಕಿಕೊಂಡರು. ಒಳಗಿಂದ ಇಸ್ತ್ರಿ ಮೇಜಿಗೆ ಕುಟ್ಟುವ ಸದ್ದು ಕೇಳುತ್ತಲೇ ಇತ್ತು.

ಮರುದಿನ ಅದನ್ನು ಹೇಳಿದಾಗ ಟೀಚರ್ ನನ್ನನ್ನು ಇನ್ನೊಂದು ಅಳತೆಗೆ ಹಚ್ಚಿದರು. ಸಂಜೆ ಮಾಲೀಕನ ಮೀಟರಿನ ಹತ್ತಿರ ಎಷ್ಟು ವೋಲ್ಟಿದೆ, ಅದೇ ಹೊತ್ತಿಗೆ ನಮ್ಮಲ್ಲಿ ಎಷ್ಟಿದೆ ನೋಡು. ಅವರೇ ಬಂದು ಜಿನೆಯ ಕೆಳಗೆ ನಿಂತು ಅಳೆದರು: ಇನ್ನೂರ ಹದಿನೈದು. ನಮ್ಮಲ್ಲಿ ನೂರ ಅರವತ್ತೈದು. ಇಪ್ಪತ್ತು ಹೆಜ್ಜೆಯ ದಾರಿಯಲ್ಲಿ ಐವತ್ತು ವೋಲ್ಟು ಕಾಣೆ. ಕರೆಂಟು ಎಷ್ಟು ಹರಿಯುತ್ತಿದೆ ಎಂದು ಲೆಕ್ಕ ಹಾಕಿದೆವು. ಕಾಕುವಿನ ಇಸ್ತ್ರಿಗೆ ಮೂರು ಆಂಪಿಯರು, ಹುಡುಗರ ಕಾಯಿಲ್ ಒಲೆಗೆ ಆರು, ಎಲ್ಲರ ಬಲ್ಬು ಫ್ಯಾನು ಸೇರಿ ಒಂದು. ಹತ್ತು. ಐವತ್ತನ್ನು ಹತ್ತರಿಂದ ಭಾಗಿಸಿದರೆ ಐದು ಓಮ್. ಅಷ್ಟುದ್ದದ ತಂತಿಗೆ ಒಂದು ಓಮೇ ಹೆಚ್ಚು ಎಂದರು ಟೀಚರ್. ನಾನು ಗುಣಿಸಿ ನೋಡಿದೆ. ಐವತ್ತು ಸಲ ಹತ್ತು. ಐನೂರು ವ್ಯಾಟ್. ನಾವು ನೂರಿಪ್ಪತ್ತು ವ್ಯಾಟಿಗಾಗಿ ಸಾಯುತ್ತಿದ್ದೆವು, ಅದರ ನಾಲ್ಕು ಪಟ್ಟು ಶಾಖ ಈ ಚಾಳಿನ ಗೋಡೆಯಲ್ಲಿ ಎಲ್ಲೋ ಉರಿಯುತ್ತಿತ್ತು.

"ಇದು ಇಸ್ತ್ರಿಯ ತಪ್ಪಲ್ಲ ಮಾರಾಯ್ತಿ," ಎಂದರು ಟೀಚರ್. "ಎಲ್ಲಿಯೋ ಜಾಯಿಂಟ್ ಕೆಟ್ಟಿದೆ. ಅಪ್ಪನನ್ನು ಕರಿ."

ಈಗ ನಾನು ಮಹಾಪೆಯ ಒಂದು ಕಂಪನಿಯಲ್ಲಿ ದೊಡ್ಡ ದೊಡ್ಡ ಕರೆಂಟಿನ ಪ್ಯಾನಲ್ಲುಗಳ ಪರೀಕ್ಷೆ ಮಾಡುತ್ತೇನೆ. ತಂತಿಯನ್ನು ಮುಟ್ಟದೆಯೇ ಕರೆಂಟು ಹೇಳುವ ಮೀಟರು, ಗೋಡೆಯೊಳಗಿನ ಬಿಸಿಯನ್ನು ತೋರಿಸುವ ಕ್ಯಾಮೆರಾ ನನ್ನ ಕೈಯಲ್ಲಿರುತ್ತವೆ. ಅವತ್ತು ನಮ್ಮಲ್ಲಿ ಇದ್ದದ್ದು ಅಂಗೈ ಒಂದೇ. ಅಪ್ಪ, ನಾನು, ಟೀಚರ್ ಲೈನು ಹೋದ ದಾರಿಯಲ್ಲಿ ಗೋಡೆಯನ್ನು ಮುಟ್ಟುತ್ತಾ ಹೋದೆವು. ಜಿನೆಯ ಕೆಳಗೆ ತಣ್ಣಗಿತ್ತು. ಪಡಸಾಲೆಯಲ್ಲಿ ತಣ್ಣಗಿತ್ತು. ಉಳಿದದ್ದು ಕಾಕುವಿನ ಖೋಲಿ. ಅವರು ಬಾಗಿಲು ಅರ್ಧ ತೆರೆದು ನಮ್ಮನ್ನು ನೋಡಿ ಮತ್ತೆ ಹಾಕಲು ಹೋದರು. ನಾನು ಹೊಸ್ತಿಲಿಗೆ ಕಾಲಿಟ್ಟೆ.

"ಕಾಕು, ನಿಮ್ಮ ಇಸ್ತ್ರಿ ಸಂಜೀ ಮುಂದ ಕಾಯಾಕ ಭಾಳ ಹೊತ್ತು ಹಿಡಿತೈತಿ, ಹೌದಿಲ್ಲೋ?"

"ಹಾ. ಮತ್ತ?"

"ಅದಕ್ಕೂ ಅರ್ಧ ಶಾಖನ ಸಿಗ್ತೈತಿ. ಉಳಿದದ್ದು ನಿಮ್ಮ ಮನ್ಯಾಗ ಎಲ್ಲೋ ಸುಡಾಕತ್ತೈತಿ. ಒಂದ ಸಲ ಅಟ್ಟಾ ನೋಡ್ತೀವ್ರಿ."

ಅಟ್ಟದ ಮೇಲೆ ಗಿರಾಕಿಗಳ ಬಟ್ಟೆಯ ಗಂಟುಗಳು ಸೂರಿನವರೆಗೆ ಒಟ್ಟಿದ್ದವು. ಕೆಳಗೆ ಕಾಕುವಿನ ಇಬ್ಬರು ಮಕ್ಕಳು ಚಾಪೆಯ ಮೇಲೆ ಕೂತು ಪಾಠ ಬರೆಯುತ್ತಿದ್ದರು. ಅಪ್ಪ ಸ್ಟೂಲು ಹತ್ತಿ ಗಂಟುಗಳನ್ನು ಒಂದೊಂದಾಗಿ ಇಳಿಸಿದ. ಕೊನೆಯ ಗಂಟು ಎತ್ತಿದವನು ಅದನ್ನು ಮೂಗಿನ ಹತ್ತಿರ ಹಿಡಿದು ನಿಂತ. ನನಗೂ ಸುಟ್ಟ ವಾಸನೆ ಬಂತು. ಬಿಳಿ ಚಾದರದ ಒಂದು ಮೂಲೆ ಕಂದಾಗಿ ಹಪ್ಪಳದಂತೆ ಗರಿಗರಿಯಾಗಿತ್ತು. ಹಿಂದಿನ ಮರದ ಪಟ್ಟಿ ಇದ್ದಲಾಗಿತ್ತು. ಅದರ ಮೇಲೆ ಎರಡು ತಂತಿಗಳನ್ನು ಹೊಸೆದು ಟೇಪು ಸುತ್ತಿದ್ದ ಗಂಟು, ಟೇಪು ಕರಗಿ ಸೋರಿತ್ತು. ಕಾಕು ಸ್ಟೂಲಿನ ಮೇಲೆ ಹತ್ತಿ ಗೋಡೆಗೆ ಅಂಗೈ ಇಟ್ಟರು, ತಟ್ಟನೆ ಎಳೆದುಕೊಂಡರು. ಕೆಳಗಿಳಿದು ಮೊದಲು ಇಸ್ತ್ರಿಯ ಪ್ಲಗ್ಗು ಕಿತ್ತರು. ಆಮೇಲೆ ಮಕ್ಕಳಿಬ್ಬರನ್ನೂ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಅಂಗಳದಲ್ಲಿ ನಿಲ್ಲಿಸಿದರು. ಬಹಳ ಹೊತ್ತು ಅವರ ಕೈ ಬಿಡಲಿಲ್ಲ.

ಮಾಲೀಕ ಬಂದು ಬೋರ್ಡಿನವರನ್ನು ಬೈದ, ಬಾಡಿಗೆಯವರನ್ನು ಬೈದ. ಮರುದಿನ ಶುಕ್ರವಾರ, ಕಾರ್ಖಾನೆಗೆ ರಜೆ ಇದ್ದಾಗ, ಅಪ್ಪ ಅಲ್ಲಿಯ ವಯರ್‌ಮನ್‌ನನ್ನು ಕರೆತಂದು ದಪ್ಪ ತಾಮ್ರದ ತಂತಿ ಎಳೆಸಿದ. ಕರೆಂಟು ಇಲ್ಲದ ಆ ಮಧ್ಯಾಹ್ನ ಅವ್ವ ಗೋಡೆಗೆ ಒರಗಿ ಕೂಸನ್ನು ಎದೆಗೆ ಹಚ್ಚಿಕೊಂಡು, ಮೇಲೆ ಕೌದಿ ಹೊದ್ದು ಕೂತಳು. ಜ್ವರ ಇಳಿದಿತ್ತು. ಕಾಕು ಬಿಸಿ ನೀರು ತುಂಬಿದ ಬಾಟಲಿಗಳನ್ನು ಟವೆಲ್ಲಿನಲ್ಲಿ ಸುತ್ತಿ ತಂದು ಅವಳ ಎರಡೂ ಬದಿಗೆ ಇಟ್ಟುಹೋದರು. ಸಂಜೆ ಸ್ವಿಚ್ ಹಾಕಿದಾಗ ನಮ್ಮ ಸಾಕೆಟ್ಟಿನಲ್ಲಿ ಇನ್ನೂರ ಐದು ತೋರಿಸಿತು. ಎರಡೂವರೆ ಬಲ್ಬು ಬೇಕು ಎಂದು ಲೆಕ್ಕ ಬಂತು. ಅರ್ಧ ಬಲ್ಬು ಎಲ್ಲಿ ಸಿಗುತ್ತದೆ; ಅಪ್ಪ ನಲವತ್ತು ವ್ಯಾಟಿನ ಒಂದು ಬಲ್ಬು ತಂದ. ಸರಿಹೋಯಿತು. ಪಾದ ಬೆಚ್ಚಗೆ, ಹೊಟ್ಟೆ ಬೆಚ್ಚಗೆ. ಅವ್ವ ಆ ದಿನ ಹೊಟ್ಟೆ ತುಂಬ ಉಂಡಳು.

ಆಮೇಲಿನ ದಿನಗಳಲ್ಲಿ ಕೆಲವು ಚೆನ್ನಾಗಿದ್ದವು. ಅವನು ಒಮ್ಮೆ ಕಣ್ಣು ಪೂರ್ತಿ ತೆರೆದು ಬಲ್ಬನ್ನು ನೋಡಿದ. ಒಮ್ಮೆ ನನ್ನ ಬೆರಳು ಹಿಡಿದ. ಆದರೆ ಹಾಲು ಮತ್ತೆ ಕೆನ್ನೆಯ ಮೇಲೆ ಇಳಿಯತೊಡಗಿತು. ಡಾಕ್ಟರು ಎದೆಗೆ ಸ್ಟೆತಸ್ಕೋಪು ಹಚ್ಚಿ ನೋಡಿ, ಒಳಗಿನ ಅಂಗಗಳೇ ಇನ್ನೂ ಬಲಿತಿಲ್ಲ, ಔಷಧಿ ಕೊಟ್ಟಿದ್ದೇವೆ, ಬೆಚ್ಚಗಿಡುವುದನ್ನು ಬಿಡಬೇಡಿ ಎಂದರು. ನಾವು ಬಿಡಲಿಲ್ಲ. ಒಂದು ಬೆಳಿಗ್ಗೆ ನಾನು ಶಾಲೆಯ ಲಂಗ ಹಾಕಿಕೊಂಡು ಪೆಟ್ಟಿಗೆಯ ಹತ್ತಿರ ಬಂದೆ. ಮೀಟರು ನೋಡಿದೆ. ಒಂದು ಬಲ್ಬು ಆರಿಸಿದೆ. ಪಾದ ಮುಟ್ಟಿದೆ, ಬೆಚ್ಚಗಿತ್ತು. ಹೊಟ್ಟೆ ಮುಟ್ಟಿದೆ, ಬೆಚ್ಚಗಿತ್ತು.

"ಬೆಚ್ಚಗ ಅದಾನವ್ವಾ," ಎಂದು ಕೂಗಿ ಹೇಳಿದೆ.

ಅವ್ವ ಹಾಲಿನ ವಾಟಿ ಹಿಡಿದು ಬಂದು ಅವನನ್ನು ಎತ್ತಿಕೊಂಡಳು. ಎತ್ತಿದ ಕೂಡಲೇ ಅವಳಿಗೆ ತಿಳಿಯಿತು. ವಾಟಿಯನ್ನು ಮೆಲ್ಲಗೆ ನೆಲಕ್ಕಿಟ್ಟು ಅವನನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ನಾನು ಮತ್ತೆ ಮತ್ತೆ ಪಾದ ಮುಟ್ಟಿದೆ. ಬಲ್ಬುಗಳ ಶಾಖ ಅದರಲ್ಲಿ ಇನ್ನೂ ಇತ್ತು. ಅದು ಆರುತ್ತಾ ಹೋದದ್ದು ನನ್ನ ಕೈಯಲ್ಲೇ.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಕಾಕು ಬುಟ್ಟಿಯಲ್ಲಿ ಭಾಕರಿ, ಪಿಠಲೆ ತಂದಿಟ್ಟರು. ದಿನವೂ ತಂದಿಟ್ಟರು. ಅವರು ಬಂದಾಗಲೆಲ್ಲ ನನ್ನ ತಲೆ ಸವರಿ, ಈ ಹುಡುಗಿಯಿಂದ ನನ್ನ ಪೋರಿಗಳು ಉಳಿದವು ಎನ್ನುತ್ತಿದ್ದರು. ಆಯಿಗೆ ಅದನ್ನು ಕೇಳುವುದಕ್ಕೆ ಆಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಕಾಕು ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಮಂದಿ ಮಕ್ಕಳ್ನ ಉಳಿಸಿದಿ. ನಮ್ಮ ಕೂಸಿಗೆ ಬರಲಿಲ್ಲ ನಿನ್ನ ಲೆಕ್ಕಾ."

ಅಪ್ಪ ತಲೆ ತಗ್ಗಿಸಿ ಕೆಂಪು ಉಗುರುಗಳನ್ನು ನೋಡುತ್ತಾ ಕೂತ. ಅದೇ ಮಾತನ್ನು ನಾನೂ ಮನಸ್ಸಿನಲ್ಲಿ ಎಷ್ಟು ಸಲ ಆಡಿಕೊಂಡಿದ್ದೆನೋ. ಮಣ್ಣು ಮಾಡಿದ ದಿನದಿಂದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅವ್ವ ಎದ್ದು ಕೂತಳು, ಬಿಚ್ಚಿದ ಕೂದಲನ್ನು ಕಟ್ಟಿಕೊಂಡಳು.

"ಆಕಿಗೆ ಏನೂ ಅನಬ್ಯಾಡ್ರಿ ಅತ್ತಿ," ಎಂದಳು. "ನನ್ನ ಕೂಸು ಥಂಡಿಲೆ ಸಾಯಲಿಲ್ಲ. ಇದ್ದಷ್ಟು ದಿನಾ ಬೆಚ್ಚಗ ಇತ್ತು. ನನ್ನಿಂದ ಆಗದ್ದನ್ನ ಆಕಿ ಮಾಡ್ಯಾಳ."

ಆಯಿ ತಾನೇ ಎದ್ದು ಕಾಕುವಿನ ಬುಟ್ಟಿ ಬಿಚ್ಚಿ, ಭಾಕರಿ ಮುರಿದು, ಮೊದಲ ತಟ್ಟೆಯನ್ನು ನನ್ನ ಮುಂದೆ ಇಟ್ಟಳು.